ದೊಂಬರಾಟ ಎಂಬ ಶೀರ್ಷಿಕೆ ಮತ್ತು ರೋಮಾ ಜನ

ಸಂಪಾದಕರಿಗೆ,

ಮಾನ್ಯರೇ,

ವಿಧಾನಸಭೆಯಲ್ಲಿ ಗದ್ದಲವಾದ ಮರುದಿನ, ಶಾಸಕರು ರೆಸಾರ್ಟ್ ಸೇರಿದ ಮರುದಿನ ಕನ್ನಡ ಪತ್ರಿಕೆಗಳ ಮುಖಪುಟದಲ್ಲಿ ತಪ್ಪದೆ ಕಾಣುವ ಪದ ‘ದೊಂಬರಾಟ’. ಅದೇ ಪತ್ರಿಕೆಗಳು ಏಪ್ರಿಲ್ 8ರ ಅಂತರರಾಷ್ಟ್ರೀಯ ರೋಮಾ ದಿನದ ಆಸುಪಾಸಿನಲ್ಲಿ ಯುರೋಪಿನ ರೋಮಾ ಜನರ ಬಗ್ಗೆ, ಅವರ ಭಾರತೀಯ ಮೂಲದ ಬಗ್ಗೆ ಅಭಿಮಾನದ ಬರಹ ಪ್ರಕಟಿಸುತ್ತವೆ. ಈ ಎರಡಕ್ಕೂ ಇರುವ ನಂಟು ಡೆಸ್ಕಿನಲ್ಲಿ ಕುಳಿತವರ ಗಮನಕ್ಕೆ ಬಂದಂತಿಲ್ಲ. ‘ರೋಮ್’ ಎಂಬ ಪದ ಬಂದಿರುವುದೇ ‘ಡೋಂಬ’ದಿಂದ ಎನ್ನುವುದು ಭಾಷಾಶಾಸ್ತ್ರಜ್ಞರು ಬಹುಪಾಲು ಒಪ್ಪಿರುವ ಮಾತು. ಆ ಡೋಂಬವೇ ನಮ್ಮ ದೊಂಬ.

ಈ ಪದದ ಮೊದಲ ಅಕ್ಷರ ಊರೂರು ಸುತ್ತುತ್ತ ಬದಲಾಗಿದೆ. ಸಿರಿಯಾ, ಪ್ಯಾಲೆಸ್ಟೀನ್ ಕಡೆಯವರು ‘ದೋಮ್’ ಆದರು, ಅರ್ಮೇನಿಯಾದ ಕಡೆಯವರು ‘ಲೋಮ್’, ಯುರೋಪಿನವರು ‘ರೋಮ್’. ಹಿಂದಿಯವರು ಘೋಡಾ ಎಂದಾಗ ಅದರ ‘ಡ’ ನಮ್ಮ ಕಿವಿಗೆ ಅರ್ಧ ‘ರ’ದಂತೆ ಕೇಳುವುದನ್ನು ನೆನೆದರೆ ಇದು ವಿಚಿತ್ರವೆನಿಸದು. ರೊಮಾನಿ ಭಾಷೆಯಲ್ಲಿ ರೋಮ್ ಎಂದರೆ ನಮ್ಮವನು, ಗಂಡ, ರೋಮ್ನಿ ಎಂದರೆ ಹೆಂಡತಿ, ರೋಮಾ ಬಹುವಚನ. ರೋಮ್ ನಗರಕ್ಕಾಗಲಿ, ರೊಮೇನಿಯಾ ದೇಶಕ್ಕಾಗಲಿ ಇದಕ್ಕೆ ಸಂಬಂಧವಿಲ್ಲ. ‘ಜಿಪ್ಸಿ’ ಎಂಬುದು ಹೊರಗಿನವರು ಅಂಟಿಸಿದ ಹೆಸರು. ಇವರು ಈಜಿಪ್ಟಿನಿಂದ ಬಂದವರೆಂದು ಇಂಗ್ಲೆಂಡಿನವರು ತಪ್ಪು ತಿಳಿದದ್ದರಿಂದ ಬಂದದ್ದು. ನಮಗೆ ಜಿಪ್ಸಿ ಎಂದರೆ ಮಾರುತಿ ಕಂಪನಿಯ ಜೀಪು, ಇಲ್ಲವೆ ಫ್ಯಾಷನ್ ಪುಟದ ಬಣ್ಣಬಣ್ಣದ ಲಂಗ. ಯುರೋಪಿನಲ್ಲಿ ಬಹಳಷ್ಟು ರೋಮಾ ಜನಕ್ಕೆ ಅದು ಬೈಗುಳ.

ಅವರ ಎಣಿಕೆ ಕೇಳಿ: ಯೆಕ್, ದುಯಿ, ತ್ರಿನ್, ಶ್ತಾರ್, ಪಂಜ್, ಶೋವ್. ಏಳರಿಂದ ಒಂಬತ್ತರವರೆಗೆ ಎಫ್ತಾ, ಒಹ್ತೋ, ಎನ್ಯಾ; ಇವು ಗ್ರೀಕ್. ಹತ್ತಕ್ಕೆ ಮತ್ತೆ ದೆಶ್. ನೀರಿಗೆ ಪಾನಿ, ಮನುಷ್ಯನಿಗೆ ಮನುಷ್, ಕಿವಿಗೆ ಕಾನ್, ಮೂಗಿಗೆ ನಾಕ್, ಕಪ್ಪಿಗೆ ಕಾಲೋ. ಪರ್ಷಿಯನ್, ಅರ್ಮೇನಿಯನ್, ಗ್ರೀಕ್ ಪದಗಳು ಪದರಪದರವಾಗಿ ಸೇರಿರುವುದರಿಂದ ಅವರು ನಡೆದ ದಾರಿಯೂ ಆ ಮಾತಿನಲ್ಲೇ ಬರೆದಿಟ್ಟಂತಿದೆ. 1780ರ ದಶಕದಲ್ಲೇ ಜರ್ಮನಿಯ ರ್‍ಯೂಡಿಗರ್, ಗ್ರೆಲ್‌ಮನ್ ಮೊದಲಾದವರು ಇದನ್ನು ಭಾರತದ ಭಾಷೆಗಳಿಗೆ ಹೋಲಿಸಿ ಗುರುತಿಸಿದ್ದರು.

ಇಲ್ಲೊಂದು ತಿದ್ದುಪಡಿ ಅಗತ್ಯ. ‘ರೋಮಾಗಳು ನಮ್ಮ ಲಂಬಾಣಿಗಳೇ’ ಎಂದು ಕನ್ನಡದಲ್ಲಿ ಆಗಾಗ ಬರೆಯುತ್ತಾರೆ. ಲಂಬಾಣಿಗರ ಗೋರ್‌ಬೋಲಿಯೂ ರೊಮಾನಿಯೂ ಇಂಡೋ-ಆರ್ಯನ್ ಭಾಷೆಗಳು, ಹಾಗಾಗಿ ಎರಡರಲ್ಲೂ ನೀರು ಪಾಣಿಯೇ. ಅಷ್ಟರಿಂದಲೇ ಇಬ್ಬರೂ ಒಂದೇ ಜನವಾಗುವುದಿಲ್ಲ. ಭಾಷೆ ಮತ್ತು ವಂಶವಾಹಿ ಅಧ್ಯಯನಗಳು ಹೇಳುವುದು ಇಷ್ಟು: ಸಾವಿರ, ಸಾವಿರದ ಐನೂರು ವರ್ಷಗಳ ಹಿಂದೆ ಭಾರತದ ವಾಯವ್ಯ ಭಾಗದಿಂದ ಹೊರಟವರ ಸಂತತಿ ಇವರು. ಇಂದು ಯುರೋಪಿನಲ್ಲಿ ಸುಮಾರು ಒಂದು ಕೋಟಿಗೂ ಹೆಚ್ಚು ಜನರಿದ್ದಾರೆ; ಆ ಖಂಡದ ಅತಿ ದೊಡ್ಡ ಅಲ್ಪಸಂಖ್ಯಾತ ಸಮುದಾಯ ಅದು. 1971ರ ಏಪ್ರಿಲ್ 8ರಂದು ಲಂಡನ್ ಬಳಿ ಅವರ ಮೊದಲ ವಿಶ್ವ ಸಮ್ಮೇಳನ ನಡೆಯಿತು. ಅಲ್ಲಿ ಒಪ್ಪಿದ ಬಾವುಟದಲ್ಲಿ ನೀಲಿ, ಹಸಿರು ಪಟ್ಟಿಗಳ ನಡುವೆ 16 ಅರಗಳ ಕೆಂಪು ಚಕ್ರವಿದೆ. ಭಾರತದ ರಾಜತಾಂತ್ರಿಕರಾಗಿದ್ದ ಡಬ್ಲ್ಯು.ಆರ್. ರಿಷಿ ಚಂಡೀಗಢದಲ್ಲಿ ರೊಮಾನಿ ಅಧ್ಯಯನ ಸಂಸ್ಥೆ ಕಟ್ಟಿದರು. 2016ರಲ್ಲಿ ದೆಹಲಿಯ ಸಮ್ಮೇಳನದಲ್ಲಿ ಆಗಿನ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ರೋಮಾ ಜನರನ್ನು ಭಾರತದ ಮಕ್ಕಳೆಂದು ಕರೆದರು. ಕಡಲಾಚೆಯ ದೊಂಬರಿಗೆ ಕೆಂಪು ಹಾಸು ಹಾಸಿದ್ದು ಸರಿ. ಇಲ್ಲಿನ ದೊಂಬರ, ಅವರಂಥ ಅಲೆಮಾರಿಗಳ ಪಾಡು ಏನು ಎಂಬುದಷ್ಟೇ ಈ ಪತ್ರದ ವಿಷಯ.

ಯುರೋಪಿನಲ್ಲಿ ರೋಮಾ ಜನರ ಮೇಲಿನ ದ್ವೇಷ ಬರೀ ಮನಸ್ಸಿನಲ್ಲಿ ಉಳಿಯಲಿಲ್ಲ, ಪುಸ್ತಕಕ್ಕೆ ಇಳಿಯಿತು. ಇಂದಿನ ರೊಮೇನಿಯಾದ ಭಾಗವಾದ ವಲಾಕಿಯಾ, ಮೊಲ್ಡಾವಿಯಾ ಸಂಸ್ಥಾನಗಳಲ್ಲಿ 1855-56ರವರೆಗೂ ಅವರು ಗುಲಾಮರು. ಮಠ, ಜಮೀನ್ದಾರರ ಆಸ್ತಿಪಟ್ಟಿಯಲ್ಲಿ ಎತ್ತು, ಎಮ್ಮೆಗಳ ಜೊತೆ ಅವರ ಲೆಕ್ಕ. 1899ರಲ್ಲಿ ಮ್ಯೂನಿಕ್ ಪೊಲೀಸರು ರೋಮಾ ಮತ್ತು ಸಿಂತಿ (ಜರ್ಮನಿ ಕಡೆ ಬಹುಕಾಲದಿಂದ ನೆಲೆಸಿದ ರೋಮಾ ಪಂಗಡ) ಜನರ ಮಾಹಿತಿ ಕಲೆಹಾಕಲೆಂದೇ ಪ್ರತ್ಯೇಕ ಕಚೇರಿ ತೆರೆದರು. 1905ರಲ್ಲಿ ಅದರ ಮುಖ್ಯಸ್ಥ ಡಿಲ್‌ಮನ್ ಮೂರು ಸಾವಿರಕ್ಕೂ ಮಿಕ್ಕಿದ ಹೆಸರುಗಳ ಪುಸ್ತಕವನ್ನೇ ಅಚ್ಚು ಹಾಕಿಸಿದ. ಅಪರಾಧ ಮಾಡಿದವರು, ಮಾಡದವರು ಎಂಬ ಭೇದ ಅದರಲ್ಲಿರಲಿಲ್ಲ, ಹುಟ್ಟಿದ್ದೇ ಸಾಕಿತ್ತು. ನಾಜಿಗಳು ಅಧಿಕಾರಕ್ಕೆ ಬಂದಾಗ ಯಾರನ್ನು ಹಿಡಿಯಬೇಕೆಂದು ಮೊದಲಿನಿಂದ ಹುಡುಕಬೇಕಾಗಿರಲಿಲ್ಲ, ಪಟ್ಟಿ ಸಿದ್ಧವಿತ್ತು. ನಾಜಿಗಳ ಸಾವಿನ ಶಿಬಿರವಾದ ಆಶ್‌ವಿಟ್ಸ್‌ನಲ್ಲಿ ಅವರ ತೋಳಿನ ಸಂಖ್ಯೆಯ ಮುಂದೆ ‘ಝಡ್’ ಎಂಬ ಅಕ್ಷರ (ಜಿಪ್ಸಿ ಎಂಬುದರ ಜರ್ಮನ್ ಪದದ ಮೊದಲಕ್ಷರ) ಚುಚ್ಚಿದರು. 1944ರ ಆಗಸ್ಟ್ 2ರ ರಾತ್ರಿ ಅಲ್ಲಿನ ರೋಮಾ ಶಿಬಿರದಲ್ಲಿ ಉಳಿದಿದ್ದ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು, ಹೆಚ್ಚಾಗಿ ಹೆಂಗಸರು, ಮಕ್ಕಳು, ಮುದುಕರನ್ನು ಕೊಂದರು. ಒಟ್ಟು ಸತ್ತವರು ಎರಡು ಲಕ್ಷದಿಂದ ಐದು ಲಕ್ಷದವರೆಗೆ ಎಂಬ ಅಂದಾಜುಗಳಿವೆ. ಇದು ಜನಾಂಗಹತ್ಯೆ ಎಂದು ಪಶ್ಚಿಮ ಜರ್ಮನಿ ಒಪ್ಪಿಕೊಂಡದ್ದು 1982ರಲ್ಲಿ. ಅಲ್ಲಿಯವರೆಗೆ ‘ಅಪರಾಧಿಗಳೆಂದು ಹಿಡಿದದ್ದು’ ಎಂಬ ಸಮಜಾಯಿಷಿಯೇ ನಡೆಯುತ್ತಿತ್ತು.

ಹಳೆಯ ಕತೆ ಎನ್ನುವಂತಿಲ್ಲ. 2013ರಲ್ಲಿ ಸ್ವೀಡನ್ನಿನ ಸ್ಕೋನೆ ಪ್ರಾಂತ್ಯದ ಪೊಲೀಸರ ಕಂಪ್ಯೂಟರಿನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ರೋಮಾ ಜನರ ಪಟ್ಟಿ ಸಿಕ್ಕಿತು. ಎಳೆಯ ಮಕ್ಕಳು, ಸತ್ತವರು ಕೂಡ ಅದರಲ್ಲಿದ್ದರು. ಆ ಕಡತದ ಹೆಸರು ಸ್ವೀಡಿಷ್ ಭಾಷೆಯಲ್ಲಿ ‘ಸುತ್ತಾಡುವವರು’. ಕನ್ನಡದಲ್ಲಿ ಹೇಳುವುದಾದರೆ, ಅಲೆಮಾರಿಗಳು. ಪಟ್ಟಿಯಲ್ಲಿದ್ದವರಲ್ಲಿ ಬಹಳ ಜನ ಒಂದೆಡೆ ನೆಲೆನಿಂತವರು. ಅಲ್ಲಿನ ನ್ಯಾಯಾಲಯ 2016ರಲ್ಲಿ ಇದನ್ನು ಜನಾಂಗೀಯ ತಾರತಮ್ಯವೆಂದು ತೀರ್ಪು ಕೊಟ್ಟು ಪರಿಹಾರ ಕೊಡಿಸಿತು.

ಮ್ಯೂನಿಕ್ಕಿಗಿಂತ 28 ವರ್ಷ ಮೊದಲೇ ಅಂಥ ಪುಸ್ತಕ ನಮ್ಮಲ್ಲಿ ತೆರೆದಿತ್ತು. 1871ರ ಅಪರಾಧಿ ಬುಡಕಟ್ಟು ಕಾಯ್ದೆ ಮೊದಲು ಉತ್ತರ ಭಾರತಕ್ಕೆ ಬಂತು. 1911ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೂ ಹಬ್ಬಿತು. 1924ರಲ್ಲಿ ಎಲ್ಲವನ್ನೂ ಒಗ್ಗೂಡಿಸಿದರು. ಅದು ನಡೆಯುತ್ತಿದ್ದ ಬಗೆ ಹೀಗೆ: ಒಂದು ಸಮುದಾಯವನ್ನು ಪೂರ್ತಿಯಾಗಿ ಅಧಿಸೂಚನೆಯಲ್ಲಿ ಸೇರಿಸುವುದು, ಪ್ರತಿಯೊಬ್ಬರ ಹೆಸರು, ಬೆರಳಚ್ಚು ರಿಜಿಸ್ಟರಿಗೆ ಏರಿಸುವುದು, ಠಾಣೆಯಲ್ಲೋ ಪಟೇಲನ ಬಳಿಯೋ ಹಾಜರಿ ಹಾಕಿಸುವುದು, ಊರು ಬಿಟ್ಟು ಹೋಗಬೇಕಾದರೆ ಪಾಸು. ಹಾಜರಿ ತಪ್ಪಿದರೆ ಅದೇ ಅಪರಾಧ. ಹೀಗೆ ಏನೂ ಕದಿಯದವನಿಗೂ ಒಂದು ಕೇಸು ಸಿದ್ಧವಾಗುತ್ತಿತ್ತು, ಆ ಕೇಸೇ ಮುಂದಿನ ಅನುಮಾನಕ್ಕೆ ಸಾಕ್ಷಿಯಾಗುತ್ತಿತ್ತು. ಕೊರಚ, ಕೊರಮರು ಎತ್ತಿನ ಮೇಲೆ ಉಪ್ಪು, ಕಾಳು ಹೇರಿಕೊಂಡು ಕರಾವಳಿಯಿಂದ ಒಳನಾಡಿಗೆ ಸಾಗಿಸುತ್ತಿದ್ದವರು. ಲಂಬಾಣಿಗರು ದಂಡಿಗೆ ಧಾನ್ಯ ಪೂರೈಸುತ್ತಿದ್ದವರು. ರೈಲು ಬಂತು, ಉಪ್ಪಿನ ವ್ಯಾಪಾರ ಸರ್ಕಾರದ ಹಿಡಿತಕ್ಕೆ ಹೋಯಿತು, ಕಾಡು ಮೀಸಲಾಯಿತು. ಕಸುಬು ಹೋದವರ ಅಲೆದಾಟಕ್ಕೆ ಕಾನೂನು ಇಟ್ಟ ಹೆಸರು ಅಪರಾಧ. ಹುಬ್ಬಳ್ಳಿಯಲ್ಲಿ ಅಂದು ಮುಳ್ಳುಬೇಲಿಯೊಳಗೆ ಇಂಥವರನ್ನು ಕೂಡಿಟ್ಟ ಜಾಗವನ್ನು ಜನ ಇಂದಿಗೂ ಸೆಟ್ಲ್‌ಮೆಂಟ್ ಎಂದೇ ಕರೆಯುತ್ತಾರೆ.

1952ರ ಆಗಸ್ಟ್ 31ರಂದು ಈ ಸಮುದಾಯಗಳು ಪಟ್ಟಿಯಿಂದ ಬಿಡುಗಡೆಯಾದವು. ‘ವಿಮುಕ್ತ’ ಎಂಬ ಹೆಸರು ಬಂದದ್ದು ಅದಕ್ಕೇ. ಆದರೆ ಹೊಸ ಹೆಸರಿನ ರಿಜಿಸ್ಟರು ಬಂತು. ನಮ್ಮ ರಾಜ್ಯದಲ್ಲಿ 1961ರಲ್ಲಿ ರೂಢಿಗತ ಅಪರಾಧಿಗಳ ಕಾಯ್ದೆ ಆಯಿತು. ಕಾಗದದ ಮೇಲೆ ಇದು ವ್ಯಕ್ತಿಯನ್ನು ನೋಡುತ್ತದೆ, ಜಾತಿಯನ್ನಲ್ಲ. ಠಾಣೆಯಲ್ಲಿ ಹಾಳೆ ತೆರೆಯುವ ಕೈಗೆ ಆ ವ್ಯತ್ಯಾಸ ಯಾವಾಗಲೂ ನೆನಪಿರುವುದಿಲ್ಲ. 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಹಿಂದುಳಿದ ಸಮುದಾಯಗಳ ನಿರಪರಾಧಿಗಳ ಹೆಸರು ಯಾಂತ್ರಿಕವಾಗಿ ಪೊಲೀಸರ ಹಿಸ್ಟರಿ ಶೀಟ್ (ನಿಗಾ ಇಡಬೇಕಾದವರ ಕಡತ) ಸೇರುತ್ತಿರುವುದನ್ನು ತಾನೇ ಎತ್ತಿಕೊಂಡು, ರಾಜ್ಯಗಳು ತಮ್ಮ ನಿಯಮ ಪರಿಶೀಲಿಸಬೇಕೆಂದಿತು. ಅದೇ ವರ್ಷ ಅಕ್ಟೋಬರ್ 3ರಂದು ಜೈಲು ಕೈಪಿಡಿಗಳ ಪ್ರಕರಣದಲ್ಲಿ ಜೈಲು ರಿಜಿಸ್ಟರಿನ ಜಾತಿ ಕಾಲಂ ಅಳಿಸಬೇಕು, ವಿಮುಕ್ತ ಸಮುದಾಯದವರನ್ನು ಮನಬಂದಂತೆ ಬಂಧಿಸಬಾರದು ಎಂದು ಸ್ಪಷ್ಟವಾಗಿ ಹೇಳಿತು. ಈ ಎರಡು ತೀರ್ಪುಗಳಿಗೆ ಕನ್ನಡದಲ್ಲಿ ಸಿಕ್ಕ ಜಾಗ ಅಂಗೈಯಗಲ.

ಈಗ ನಿಮ್ಮ ಅಂಗಳಕ್ಕೆ ಬರೋಣ. ಬೆಂಗಳೂರಿನ ಅಪರಾಧ ಪುಟದಲ್ಲಿ ಸರಗಳ್ಳತನದ ಸುದ್ದಿಗೆ ‘ಬವಾರಿಯಾ ಗ್ಯಾಂಗ್’, ‘ಇರಾನಿ ಗ್ಯಾಂಗ್’ ಎಂಬ ಶೀರ್ಷಿಕೆ ಮಾಮೂಲು. ಕಾರಿನ ಗಾಜು ಒಡೆದು ಬ್ಯಾಗ್ ಕದ್ದರೆ ‘ಓಜಿಕುಪ್ಪಂ ಗ್ಯಾಂಗ್’. ಬವಾರಿಯಾ ಎಂಬುದು ಉತ್ತರ ಭಾರತದ ಒಂದು ವಿಮುಕ್ತ ಸಮುದಾಯದ ಹೆಸರು. ಇರಾನಿ ಎಂಬುದೂ ಒಂದು ಸಮುದಾಯದ ಹೆಸರು. ಓಜಿಕುಪ್ಪಂ ಆಂಧ್ರದ ಒಂದು ಹಳ್ಳಿ. ಅಲ್ಲಿ ಶಾಲೆಗೆ ಹೋಗುವ ಮಕ್ಕಳೂ ಇದ್ದಾರೆ, ಕೆಲಸ ಹುಡುಕಿ ಬೆಂಗಳೂರಿಗೆ ಬರುವವರೂ ಇದ್ದಾರೆ. ಷೇರು ವಂಚನೆ ಮಾಡಿದ ಎಂ.ಬಿ.ಎ. ಪದವೀಧರನ ಜಾತಿಯಾಗಲಿ ಹುಟ್ಟೂರಾಗಲಿ ಶೀರ್ಷಿಕೆಗೆ ಏರಿದ್ದನ್ನು ಯಾರೂ ಕಂಡಿಲ್ಲ.

ಇದು ಹೇಗೆ ಆಗುತ್ತದೆಂಬುದು ಗುಟ್ಟೇನಲ್ಲ. ಪೊಲೀಸರು ಕೃತ್ಯದ ಶೈಲಿ ನೋಡಿ ‘ಇದು ಇಂಥವರದೇ’ ಎಂದು ಊಹಿಸುತ್ತಾರೆ. ಊಹೆ ಪತ್ರಿಕಾ ಪ್ರಕಟಣೆಗೆ ಬರುತ್ತದೆ. ವರದಿಗಾರ ಸಂಜೆ ಏಳರ ಗಡುವಿಗೆ ಅದನ್ನೇ ಕಳಿಸುತ್ತಾನೆ, ಡೆಸ್ಕಿನವರು ಶೀರ್ಷಿಕೆಗೆ ಚಿಕ್ಕ ಪದ ಬೇಕೆಂದು ಸಮುದಾಯದ ಹೆಸರನ್ನೇ ಆಯುತ್ತಾರೆ. ಮುಂದಿನ ಸಲ ತನಿಖಾಧಿಕಾರಿ ಆ ಸಮುದಾಯದ ಬಿಡಾರಕ್ಕೇ ಮೊದಲು ಜೀಪು ತಿರುಗಿಸುತ್ತಾನೆ. ಹುಡುಕಿದಲ್ಲೇ ಸಿಗುವುದು ಸಹಜ. ಬಂಧನದ ಸುದ್ದಿ ಮೂರು ಕಾಲಂ, ನಾಲ್ಕು ವರ್ಷದ ಮೇಲೆ ಆರೋಪಿ ಖುಲಾಸೆಯಾದದ್ದು ಸುದ್ದಿಯೇ ಅಲ್ಲ. ಭಾರತೀಯ ಪತ್ರಿಕಾ ಮಂಡಳಿಯ ನಡಾವಳಿ ಸೂತ್ರಗಳಲ್ಲಿ, ಒಂದು ಜಾತಿಗೆ ಕಳಂಕ ತರುವಂಥ ಸಂದರ್ಭದಲ್ಲಿ ಜಾತಿ ನಮೂದಿಸಬಾರದೆಂಬ ಮಾತು ಇದ್ದೇ ಇದೆ. ಜರ್ಮನಿಯ ಪತ್ರಿಕಾ ಮಂಡಳಿಯ 12.1ನೇ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಅದನ್ನು ಪಾಲಿಸುವಂತೆ ದಶಕಗಳ ಕಾಲ ದೂರಿನ ಮೇಲೆ ದೂರು ಕೊಟ್ಟವರು ಅಲ್ಲಿನ ಸಿಂತಿ ಮತ್ತು ರೋಮಾ ಸಂಘಟನೆಯವರು.

ಫೋಟೊ ವಿಷಯ ಇನ್ನೂ ನೇರ. ವಶಪಡಿಸಿಕೊಂಡ ಚಿನ್ನವನ್ನು ಮೇಜಿನ ಮೇಲೆ ಹರಡಿ, ಹಿಂದೆ ಆರೋಪಿಗಳನ್ನು ನಿಲ್ಲಿಸಿ ತೆಗೆದ ಚಿತ್ರ ಗುರುತಿನ ಪರೇಡಿಗೆ ಮೊದಲೇ ಅಚ್ಚಾದರೆ, ಸಾಕ್ಷಿ ಗುರುತಿಸಿದ್ದು ಆರೋಪಿಯನ್ನೋ ಪತ್ರಿಕೆಯ ಚಿತ್ರವನ್ನೋ ಎಂಬ ಪ್ರಶ್ನೆ ಕೋರ್ಟಿನಲ್ಲಿ ಏಳುತ್ತದೆ. ಆರೋಪಿಗಳ ಮುಖಕ್ಕೆ ಬಟ್ಟೆ ಕಟ್ಟುವುದು ಅದಕ್ಕೇ. ಪಕ್ಕದಲ್ಲಿ ಕಂಕುಳ ಕೂಸಿನೊಡನೆ ನಿಂತ ಹೆಂಗಸಿನ ಮುಖಕ್ಕೆ ಆ ಬಟ್ಟೆಯೂ ಇರುವುದಿಲ್ಲ. ಅಪರಾಧ ನಿಜವಾಗಿದ್ದರೂ ಕೇಸು ದುರ್ಬಲವಾಗುವುದು ಇಂಥಲ್ಲೇ. ಕದ್ದವರನ್ನು ಬಿಟ್ಟುಬಿಡಿ ಎಂದು ಯಾರೂ ಕೇಳುತ್ತಿಲ್ಲ. ಹೆಸರು, ವಯಸ್ಸು, ಆರೋಪ, ಠಾಣೆ ಬರೆಯಿರಿ. ‘ಬಂಧಿತ ಮೂವರು’ ಎನ್ನುವುದು ‘ಬವಾರಿಯಾ ಗ್ಯಾಂಗ್’ಗಿಂತ ಉದ್ದವೇನಲ್ಲ.

ಈ ಶೀರ್ಷಿಕೆಗಳಿಗೆ ಬೆಲೆ ತೆತ್ತವರು ಮಕ್ಕಳ ಕಳ್ಳರೆಂಬ ಗುಲ್ಲಿಗೆ ಸಿಕ್ಕವರು. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿ ಬಂದಿದ್ದ ರಾಜಸ್ಥಾನದ ಯುವಕನೊಬ್ಬನನ್ನು ಗುಂಪೊಂದು ಕಟ್ಟಿಹಾಕಿ ಹೊಡೆದು ಕೊಂದಿತು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ದವರಿ ಗೋಸಾವಿ ಎಂಬ ಅಲೆಮಾರಿ ಸಮುದಾಯದ ಐವರನ್ನು ಕೊಂದರು. ಅದೇ ತಿಂಗಳು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಹೈದರಾಬಾದಿನ ಗೆಳೆಯರ ಮೇಲೆ ಹಲ್ಲೆಯಾಗಿ ಒಬ್ಬರು ಸತ್ತರು. ಆಗ ಫೋನಿನಿಂದ ಫೋನಿಗೆ ಹರಿದ ಒಂದು ವಿಡಿಯೊ, ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗೆಂದೇ ಮಾಡಿದ ಜಾಗೃತಿ ಚಿತ್ರ. ಬೈಕಿನವರು ಮಗುವನ್ನು ವಾಪಸು ಬಿಟ್ಟು ಎಚ್ಚರಿಕೆಯ ಫಲಕ ತೋರಿಸುವ ಕೊನೆಯ ಭಾಗವನ್ನು ಕತ್ತರಿಸಲಾಗಿತ್ತು.

ಯುರೋಪಿನಲ್ಲಿ ಇದೇ ಗುಲ್ಲು ಸರ್ಕಾರವನ್ನೇ ನಂಬಿಸಿತು. 2013ರ ಅಕ್ಟೋಬರಿನಲ್ಲಿ ಗ್ರೀಸ್‌ನ ಫಾರ್ಸಲಾ ಬಳಿಯ ರೋಮಾ ಕೇರಿಯಲ್ಲಿ ಹೊಂಬಣ್ಣದ ಕೂದಲಿನ ಬಾಲಕಿ ಕಂಡಳೆಂದು, ಕದ್ದ ಮಗುವೆಂದು ಜಗತ್ತಿನ ಟಿ.ವಿ.ಗಳೆಲ್ಲ ಕೂಗಿದವು. ಡಿ.ಎನ್.ಎ. ಪರೀಕ್ಷೆಯಲ್ಲಿ ಅವಳ ಹೆತ್ತವರು ಬಲ್ಗೇರಿಯಾದ ರೋಮಾ ದಂಪತಿ ಎಂದು ತಿಳಿಯಿತು, ಸಾಕಲು ಕೊಟ್ಟುಹೋಗಿದ್ದರು. ಅದೇ ವಾರ ಐರ್ಲೆಂಡಿನಲ್ಲಿ ಬೆಳ್ಳಗಿದ್ದ ಎರಡು ಮಕ್ಕಳನ್ನು ಪೊಲೀಸರು ರೋಮಾ ಮನೆಗಳಿಂದ ಎತ್ತಿಕೊಂಡು ಹೋದರು. ಎರಡೂ ಅವರವೇ ಮಕ್ಕಳೆಂದು ಪರೀಕ್ಷೆ ಹೇಳಿತು. ಸರ್ಕಾರ ಕ್ಷಮೆ ಕೇಳಿತು. ‘ತಾಯಿ ಕಪ್ಪಗಿದ್ದಾಳೆ, ಮಗು ಬೆಳ್ಳಗಿದೆ, ಕದ್ದದ್ದೇ ಇರಬೇಕು’ ಎಂಬ ಮಾತು ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕಾರಿನೊಳಗಿನಿಂದ ಎಷ್ಟು ಸಲ ಕೇಳಿಬರುತ್ತದೆ ಎಂಬುದನ್ನು ಓದುಗರೇ ನೆನೆದುಕೊಳ್ಳಲಿ.

ಅನುಮಾನ ಬಂದರೆ ಮಾಡಬೇಕಾದದ್ದು ಇಷ್ಟೇ: ಮಕ್ಕಳ ಸಹಾಯವಾಣಿ 1098, ಇಲ್ಲವೇ 112ಕ್ಕೆ ಕರೆ. ಫೋಟೊ ತೆಗೆದು ಅಪಾರ್ಟ್‌ಮೆಂಟ್ ಗುಂಪಿಗೆ ಹಾಕುವುದಲ್ಲ, ಆಧಾರ್ ತೋರಿಸೆಂದು ನೆರೆದವರು ಅಡ್ಡಗಟ್ಟುವುದಲ್ಲ. ಗುಂಪು ಸೇರಿತೆಂದರೆ ಹತ್ತು ನಿಮಿಷದಲ್ಲಿ ಅದು ಯಾರ ಮಾತಿಗೂ ನಿಲ್ಲುವುದಿಲ್ಲ. ಸುಪ್ರೀಂ ಕೋರ್ಟಿನ 2018ರ ಜುಲೈ 17ರ ತೀರ್ಪಿನ ಪ್ರಕಾರ ಇಂಥ ಗುಂಪುದಾಳಿ ತಡೆಯಲು ಪ್ರತಿ ಜಿಲ್ಲೆಯಲ್ಲೂ ಎಸ್.ಪಿ. ದರ್ಜೆಗೆ ಕಡಿಮೆಯಿಲ್ಲದ ನೋಡಲ್ ಅಧಿಕಾರಿ ಇರಬೇಕು. ಭಾರತೀಯ ನ್ಯಾಯ ಸಂಹಿತೆಯ 103(2)ರಲ್ಲಿ ಜಾತಿ, ಸಮುದಾಯ, ಭಾಷೆ, ಹುಟ್ಟಿದ ಸ್ಥಳದಂಥ ಕಾರಣಕ್ಕೆ ಐವರು ಅಥವಾ ಹೆಚ್ಚು ಜನ ಸೇರಿ ಮಾಡಿದ ಕೊಲೆಗೆ ಪ್ರತ್ಯೇಕ ಕಲಮೇ ಇದೆ. ಆ ನೋಡಲ್ ಅಧಿಕಾರಿಯ ಹೆಸರು, ದೂರವಾಣಿಯನ್ನು ವರ್ಷಕ್ಕೊಮ್ಮೆ ಪತ್ರಿಕೆಗಳು ಪ್ರಕಟಿಸಿದರೆ ದೊಡ್ಡ ಉಪಕಾರ. ಸುಗ್ಗಿ ಮುಗಿದ ಮೇಲೆ ಬುಡುಬುಡಿಕೆಯವರು, ಸುಡುಗಾಡು ಸಿದ್ಧರು, ಕೋಲೆ ಬಸವನವರು ಯಾವ ಕಡೆಯಿಂದ ಬರುತ್ತಾರೆ, ಯಾಕೆ ನಸುಕಿನಲ್ಲೇ ಬರುತ್ತಾರೆ ಎಂಬುದನ್ನು ಹಿರಿಯರು ಬಲ್ಲರು; ಹೊಸ ಬಡಾವಣೆಯ ಕಾವಲುಗಾರನಿಗೆ ಗೊತ್ತಿಲ್ಲ.

ಸಿಗ್ನಲ್ಲಿನಲ್ಲಿ ಗೊಂಬೆ, ಪೆನ್ನು, ಮಣಿಸರ ಮಾರುವವರನ್ನೂ ಭಿಕ್ಷುಕರೆಂದೇ ಎಣಿಸುತ್ತಾರೆ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಗಾಡಿ ಬಂದರೆ ಸೀದಾ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ. ಮಾರುವವರಿಗೆ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಅನ್ವಯಿಸುತ್ತದೆ. ಸರಕು ವಶಪಡಿಸಿಕೊಂಡರೆ ಪಟ್ಟಿ ಕೊಡಬೇಕು. ವ್ಯಾಪಾರಿ ಕೇಳಿದ ಮೇಲೆ ಕೆಡುವ ಸಾಮಾನನ್ನು ಅದೇ ದಿನ, ಕೆಡದ ಸಾಮಾನನ್ನು ಎರಡು ಕೆಲಸದ ದಿನಗಳೊಳಗೆ ಹಿಂದಿರುಗಿಸಬೇಕು. ಪಟ್ಟಿ ಕೇಳದೆ ಬಿಟ್ಟರೆ ಮುಂದಿನ ಯಾವ ಹಕ್ಕಿಗೂ ದಾಖಲೆ ಇರುವುದಿಲ್ಲ. ಎಡವುವುದು ಅಲ್ಲೇ.

ಶಾಲೆಯ ಮಾತು. ಜೆಕ್ ಗಣರಾಜ್ಯದ ಓಸ್ಟ್ರಾವಾ ಊರಿನಲ್ಲಿ ರೋಮಾ ಮಕ್ಕಳು ಬುದ್ಧಿಮಾಂದ್ಯರ ಶಾಲೆಗೆ ಸೇರುವ ಸಂಭವ ಉಳಿದ ಮಕ್ಕಳಿಗಿಂತ 27 ಪಟ್ಟು ಹೆಚ್ಚಿತ್ತು. ಜೆಕ್ ಮಕ್ಕಳ ಮನೆಮಾತು, ಮನೆವಾರ್ತೆಗೆ ತಕ್ಕಂತೆ ಮಾಡಿದ ಪರೀಕ್ಷೆಯನ್ನು ರೋಮಾ ಮಕ್ಕಳಿಗೂ ಕೊಟ್ಟು, ಅರ್ಥವಾಗದ ಕಾಗದಕ್ಕೆ ತಂದೆತಾಯಿಯ ಸಹಿ ಪಡೆಯುತ್ತಿದ್ದರು. 18 ಮಕ್ಕಳ ಮೊಕದ್ದಮೆಯಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2007ರ ನವೆಂಬರ್ 13ರಂದು ಇದನ್ನು ತಾರತಮ್ಯ ಎಂದಿತು. ನಮ್ಮಲ್ಲಿ ಹಕ್ಕಿಪಿಕ್ಕಿ ಮಗು ಮನೆಯಲ್ಲಿ ವಾಗ್ರಿ ಮಾತಾಡಿ, ಒಂದನೇ ತರಗತಿಯಲ್ಲಿ ಬಾಯಿ ಬಿಡದಿದ್ದರೆ ‘ದಡ್ಡ’ ಎಂಬ ಹಣೆಪಟ್ಟಿ ಬಾಯಿಮಾತಿನಲ್ಲೇ ಅಂಟುತ್ತದೆ. ಬೆಂಗಳೂರಿನ ಶಾಲೆಗಳಲ್ಲಿ ದಾಖಲಾತಿ ನಿಲ್ಲುವುದು ಸಾಮಾನ್ಯವಾಗಿ ಮೂರು ಕಡೆ: ಜನನ ಪ್ರಮಾಣಪತ್ರ ಇಲ್ಲ, ಟಿ.ಸಿ. ಇಲ್ಲ, ಹಿಂದಿನ ಶಾಲೆ ಎಸ್.ಎ.ಟಿ.ಎಸ್. (ಶಿಕ್ಷಣ ಇಲಾಖೆಯ ಗಣಕದಲ್ಲಿರುವ ವಿದ್ಯಾರ್ಥಿ ದಾಖಲೆ) ಸಂಖ್ಯೆಯನ್ನು ತನ್ನಲ್ಲೇ ಇಟ್ಟುಕೊಂಡಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 14ನೇ ಕಲಮಿನಂತೆ ವಯಸ್ಸಿನ ದಾಖಲೆ ಇಲ್ಲವೆಂದು ನಿರಾಕರಿಸುವಂತಿಲ್ಲ. 5ನೇ ಕಲಮಿನಂತೆ ಟಿ.ಸಿ. ತಡವಾಯಿತೆಂದೂ ನಿರಾಕರಿಸುವಂತಿಲ್ಲ, 4ನೇ ಕಲಮಿನಂತೆ ಒಂಬತ್ತು ವರ್ಷದ ಮಗುವನ್ನು ಒಂಬತ್ತು ವರ್ಷದವರ ಜೊತೆಗೇ ಕೂರಿಸಿ ವಿಶೇಷ ತರಬೇತಿ ಕೊಡಬೇಕು. ಮುಖ್ಯಶಿಕ್ಷಕರು ‘ಆಗಲ್ಲ’ ಎಂದರೆ ಕಾರಣವನ್ನು ಬರೆದು ಕೊಡಿ ಎಂದು ಕೇಳಬೇಕು. ಬರೆದುಕೊಡುವ ಬದಲು ಸೇರಿಸಿಕೊಳ್ಳುವವರೇ ಹೆಚ್ಚು.

ಜಾತಿ ಪ್ರಮಾಣಪತ್ರದ್ದು ಇನ್ನೊಂದು ಗೋಳು, ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನಾಡಕಚೇರಿಯಲ್ಲಿ ಅರ್ಜಿ ಹಾಕಿದ ಮೇಲೆ ಅದು ಗ್ರಾಮ ಆಡಳಿತ ಅಧಿಕಾರಿ, ಕಂದಾಯ ನಿರೀಕ್ಷಕರ ಕೈ ದಾಟಿ ತಹಶೀಲ್ದಾರರಿಗೆ ಹೋಗುತ್ತದೆ. ಕೆಳಗಿನವರು ಸ್ಥಳ ಮಹಜರು ಮಾಡಿ ನೆರೆಹೊರೆಯವರ ಹೇಳಿಕೆ ಪಡೆಯಬೇಕು. ಟೆಂಟಿನಲ್ಲಿರುವವರಿಗೆ ನೆರೆಹೊರೆ ಎಂದರೆ ಅವರನ್ನು ಅಲ್ಲಿಂದ ಎಬ್ಬಿಸಬೇಕೆಂದು ಅರ್ಜಿ ಕೊಟ್ಟ ಬಡಾವಣೆಯವರೇ! ತಂದೆಯ ಶಾಲಾ ದಾಖಲೆ ಕೇಳುತ್ತಾರೆ. ತಂದೆ ಶಾಲೆ ಕಂಡಿರುವುದಿಲ್ಲ. ಇನ್ನು ಹೆಸರಿನ ತೊಡಕು. ಪರಿಶಿಷ್ಟ ಜಾತಿ ಪಟ್ಟಿಯಲ್ಲಿರುವುದು ಸಿಳ್ಳೇಕ್ಯಾತ, ಊರಿನವರು ಕಿಳ್ಳೇಕ್ಯಾತ ಎನ್ನುತ್ತಾರೆ, ಗೊಂಬೆಯಾಟದವರು ಎನ್ನುತ್ತಾರೆ, ಶಾಲೆಯಲ್ಲಿ ಮೇಷ್ಟ್ರು ಬರೀ ‘ಹಿಂದೂ’ ಎಂದು ಬರೆದಿರುತ್ತಾರೆ. ಪಟ್ಟಿಯ ಕಾಗುಣಿತಕ್ಕೆ ಹೊಂದದ ಪದ ಗಣಕಯಂತ್ರದಲ್ಲಿ ಬೇರೆ ಜಾತಿ. ಬುಡ್ಗ ಜಂಗಮರಿಗೆ ತದ್ವಿರುದ್ಧ ಕಷ್ಟ. ಬಲಾಢ್ಯರಾದ ಬೇರೆಯವರು, ಪಟ್ಟಿಯಲ್ಲಿ ಇವರ ಜೊತೆಗೇ ಇರುವ ‘ಬೇಡ ಜಂಗಮ’ ಹೆಸರಿನಲ್ಲಿ ಪ್ರಮಾಣಪತ್ರ ಪಡೆದ ವಿವಾದ ವರ್ಷಗಟ್ಟಲೆ ನಡೆದಿದ್ದರಿಂದ, ಅಧಿಕಾರಿಗಳು ನಿಜವಾದ ಬುಡ್ಗ ಜಂಗಮರನ್ನೂ ಅನುಮಾನದಿಂದ ನೋಡುತ್ತಾರೆ. ಬುರ್ರಕಥೆಯ ದರೋಜಿ ಈರಮ್ಮನವರು ಇದೇ ಸಮುದಾಯದವರು. 2025ರಲ್ಲಿ ಪದ್ಮಶ್ರೀ ಪಡೆದ ಕೊಪ್ಪಳ ಜಿಲ್ಲೆಯ ತೊಗಲುಗೊಂಬೆಯ ಭೀಮವ್ವ ದೊಡ್ಡಬಾಳಪ್ಪ ಅವರ ಹೆಸರಿನಲ್ಲೇ ಶಿಳ್ಳೇಕ್ಯಾತರ ಎಂಬ ಅಡ್ಡಹೆಸರಿದೆ. ಜಾನಪದ ಎಂದು ಹೊಗಳುವಾಗ ಗುರುತು ಸುಲಭ.

ಮಾಡಬಹುದಾದದ್ದು: ಅರ್ಜಿಯ ಸ್ವೀಕೃತಿ ಸಂಖ್ಯೆ ಇಟ್ಟುಕೊಳ್ಳುವುದು, ಪ್ರಮಾಣಪತ್ರ ಇರುವ ತಂದೆಯ ಕಡೆಯ ಒಬ್ಬರ ಪ್ರತಿ, ಅವರೊಡನೆ ಸಂಬಂಧ ತೋರಿಸುವ ವಂಶವೃಕ್ಷ ಲಗತ್ತಿಸುವುದು, ತಿರಸ್ಕರಿಸಿದರೆ ಆದೇಶದ ಪ್ರತಿ ಪಡೆಯುವುದು. ಆದೇಶ ಕೈಸೇರಿದ 30 ದಿನದೊಳಗೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕಲು 1990ರ ಮೀಸಲಾತಿ ಕಾಯ್ದೆಯ 4ಬಿ ಕಲಮಿನಲ್ಲಿ ಅವಕಾಶವಿದೆ. ಬಹುತೇಕರು ಬಾಯಿಮಾತಿನ ‘ಬರಲ್ಲ ಹೋಗಮ್ಮ’ ಕೇಳಿಯೇ ಹಿಂದಿರುಗುತ್ತಾರೆ, ಮೇಲ್ಮನವಿಗೆ ಆಧಾರವೇ ಉಳಿಯುವುದಿಲ್ಲ. ತಂದೆ ಆಂಧ್ರದ ಕಡೆಯವರಾದರೆ ಇಲ್ಲಿ ಅಲೆಯುವುದು ವ್ಯರ್ಥ, ಪ್ರಮಾಣಪತ್ರ ಮೂಲ ರಾಜ್ಯದ್ದೇ ಆಗಬೇಕು. ಮೊದಲೇ ಇದನ್ನು ಹೇಳಿದರೆ ಅವರ ಎರಡು ವಾರದ ಕೂಲಿ ಉಳಿಯುತ್ತದೆ.

ಈ ಕಾಗದ ಇಲ್ಲದಿದ್ದರೆ ಮೀಸಲಾತಿಯ ಮಾತೇ ಇಲ್ಲ. ಇದ್ದವರಿಗೂ ಪಾಲು ಸಿಗುವುದು ಕಷ್ಟ. ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ 2025ರ ಆಗಸ್ಟ್ 4ರಂದು ಕೊಟ್ಟ ವರದಿಯಲ್ಲಿ ಪರಿಶಿಷ್ಟ ಜಾತಿಯ ಅತಿ ಹಿಂದುಳಿದ 59 ಸಮುದಾಯಗಳಿಗೆ ಪ್ರತ್ಯೇಕವಾಗಿ ಶೇ 1 ಮೀಸಲಿಡಲು ಹೇಳಿತ್ತು. ಎರಡು ವಾರದಲ್ಲೇ ಸಚಿವ ಸಂಪುಟ ಪರಿಶಿಷ್ಟ ಜಾತಿಯ ಒಟ್ಟು ಶೇ 17ನ್ನು 6, 6, 5 ಎಂದು ಮೂರೇ ಪಾಲು ಮಾಡಿ, ಈ 59ನ್ನು ಲಂಬಾಣಿ, ಭೋವಿ, ಕೊರಮ, ಕೊರಚರ ಜೊತೆ ಶೇ 5ರ ಗುಂಪಿಗೆ ಸೇರಿಸಿತು. ಫ್ರೀಡಂ ಪಾರ್ಕಿನಲ್ಲಿ ಅಲೆಮಾರಿಗಳು ಧರಣಿ ಕುಳಿತದ್ದು ಇದಕ್ಕೇ. ಅವರ ವಾದದಲ್ಲಿ ಹುರುಳಿದೆ ಎಂಬುದು ನಮ್ಮ ಅಭಿಪ್ರಾಯ. ಒಬ್ಬ ಪದವೀಧರನೂ ಇಲ್ಲದ ಬಿಡಾರ, ಎರಡು ತಲೆಮಾರಿನಿಂದ ಸರ್ಕಾರಿ ನೌಕರಿಯಲ್ಲಿರುವವರ ಜೊತೆ ಓಡಲಾರದು. ಆ ಧರಣಿಯ ದಿನಗಳಲ್ಲೂ ಒಂದೆರಡು ಕಡೆ ರಾಜಕೀಯ ಸುದ್ದಿಗೆ ‘ದೊಂಬರಾಟ’ ಎಂದು ಶೀರ್ಷಿಕೆ ಬಂದಿದ್ದರೆ ಆಶ್ಚರ್ಯವಿಲ್ಲ.

ಎದುರಿಗೆ ನಿಂತು ಜಾತಿ ಹೆಸರು ಹಿಡಿದು ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಯಾರನ್ನೂ ಉದ್ದೇಶಿಸದ ಶೀರ್ಷಿಕೆಗೆ ಅದು ತಾಗುವುದಿಲ್ಲ. ನಾವು ಕೇಸಿನ ಬೆದರಿಕೆ ಹಾಕುತ್ತಲೂ ಇಲ್ಲ. ದೊಂಬರು ರಾಜ್ಯದ ಪರಿಶಿಷ್ಟ ಜಾತಿ ಪಟ್ಟಿಯಲ್ಲಿರುವ ಒಂದು ಸಮುದಾಯ ಎಂಬುದು ಡೆಸ್ಕಿಗೆ ನೆನಪಿದ್ದರೆ ಸಾಕು. ಅಲ್ಲದೆ ಹೋಲಿಕೆಯೇ ತಪ್ಪು. ನಿಜವಾದ ದೊಂಬರಾಟದಲ್ಲಿ ಎರಡು ಕಡೆ ಬಿದಿರ ಗಳುಗಳನ್ನು ಕತ್ತರಿಯಂತೆ ಕಟ್ಟಿ, ಹಗ್ಗವನ್ನು ಅವುಗಳ ಮೇಲೆ ಹಾಯಿಸಿ, ತುದಿಗಳನ್ನು ನೆಲದ ಗೂಟಕ್ಕೆ ಬಿಗಿಯುತ್ತಾರೆ. ಗೂಟ ಒಂದಿಷ್ಟು ಸಡಿಲವಾದರೆ ಹಗ್ಗ ಅಡ್ಡಕ್ಕೆ ತೂಗುತ್ತದೆ. ಅದಕ್ಕೇ ಪ್ರತಿ ಆಟಕ್ಕೆ ಮೊದಲು ಮನೆಯ ಹಿರಿಯರೇ ಗೂಟ ತುಳಿದು ನೋಡುತ್ತಾರೆ. ಮೇಲಿರುವ ಹುಡುಗಿಯ ಕೈಯ ಕೋಲು, ಕೆಳಗಿನ ಡೋಲಿನ ಪೆಟ್ಟು, ಅವಳ ಹೆಜ್ಜೆ ಮೂರೂ ಕೂಡಿರಬೇಕು. ಒಂದು ತಪ್ಪಿದರೆ ಸೊಂಟ ಮುರಿಯುತ್ತದೆ. ಶಾಸಕರು ಮೇಜು ಕುಟ್ಟಿ ಕಾಗದ ಹರಿದೆಸೆದದ್ದಕ್ಕೆ ಈ ಹೆಸರು ಯಾವ ನ್ಯಾಯ?

ಬದಲಿಗೆ ಹಗ್ಗಜಗ್ಗಾಟ ಇದೆ, ಕಿತ್ತಾಟ ಇದೆ, ರಂಪ ಇದೆ, ಗದ್ದಲ ಇದೆ. ‘ಗೊಂದಲ’ ಎನ್ನಬಹುದೇ ಎಂದು ಯಾರಾದರೂ ಕೇಳಬಹುದು. ಗೊಂದಲಿಗರು ಅಂಬಾಭವಾನಿಯ ಹೆಸರಿನಲ್ಲಿ ಹಾಕುವ ಆಟಕ್ಕೂ ಗೊಂದಲ ಎಂದೇ ಹೆಸರು. ಆದರೆ ಆ ಪದ ಇಂದು ಯಾರತ್ತಲೂ ಬೆರಳು ತೋರಿಸುವುದಿಲ್ಲ. ಗೊಂದಲಿಗರ ಹುಡುಗನನ್ನು ಶಾಲೆಯಲ್ಲಿ ಅದನ್ನು ಹೇಳಿ ಯಾರೂ ಚುಡಾಯಿಸುವುದಿಲ್ಲ. ದೊಂಬರ ಮಕ್ಕಳನ್ನು ಇಂದಿಗೂ ಚುಡಾಯಿಸುತ್ತಾರೆ. ಒಂದನ್ನು ಇಟ್ಟುಕೊಳ್ಳಿ, ಇನ್ನೊಂದನ್ನು ಮುಂದಿನ ಅಧಿವೇಶನ ಆರಂಭವಾಗುವ ಮೊದಲು ನಿಮ್ಮ ಶೈಲಿಪುಸ್ತಕದಿಂದ ತೆಗೆಯಿರಿ.

ಇಂತಿ,
ಅಲೆಮಾರಿ ಸಮುದಾಯಗಳ ದಾಖಲೆ, ಶಾಲಾ ದಾಖಲಾತಿ ಕೆಲಸದಲ್ಲಿರುವ ಕೆಲವರು
ಬೆಂಗಳೂರು